ಒಂದೊಂದು ಜೊತೆ ಕೊಡಿ

ಅಕ್ವೇರಿಯಂ ಅಂಗಡಿಗೆ ಕಾಲಿಟ್ಟ ಕನ್ನಡಿಗನ ಬಾಯಿಂದ ಮೊದಲು ಹೊರಡುವ ಮಾತು ಯಾವುದು, ಹೇಳಿ ನೋಡೋಣ? ‘ಎಲ್ಲಾದರಲ್ಲೂ ಒಂದೊಂದು ಜೊತೆ ಕೊಡಿ.’ ತಪ್ಪು ಅವನದಲ್ಲ. ಮದುವೆ ಮನೆಯ ಎಲೆ ನೋಡಿ ಬೆಳೆದ ಜನ ನಾವು. ಎರಡು ಕೋಸಂಬರಿ, ಎರಡು ಪಲ್ಯ, ಒಂದು ಗೊಜ್ಜು, ಮೂಲೆಗೆ ಉಪ್ಪಿನಕಾಯಿ. ಎಲೆಯ ಈ ತುದಿಯಿಂದ ಆ ತುದಿವರೆಗೆ ಬರೀ ಹುರುಳಿಕಾಯಿ ಪಲ್ಯ ಬಡಿಸಿದರೆ ಬೀಗರು ಎದ್ದೇ ಹೋಗುತ್ತಾರೆ. ಅದೇ ಲೆಕ್ಕ ಗಾಜಿನ ಪೆಟ್ಟಿಗೆಗೂ. ಕೆಂಪಿನದು ಎರಡು, ಹಳದಿಯದು ಎರಡು, ಪಟ್ಟೆಪಟ್ಟೆಯದು ಎರಡು. ಆ ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದೆಯಲ್ಲ, ಅದೂ ಇರಲಿ ಒಂದು.

ನಾನೂ ಹಾಗೇ ತಂದೆ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಹೇಳಿದ ಮೇಷ್ಟ್ರು ನಾನು ಎಂಬುದನ್ನು ನೀವು ನೆನಪಿಸುವ ಅಗತ್ಯವಿಲ್ಲ. ಆ ಕೆಲಸವನ್ನು ನಮ್ಮನೆಯವಳು ಚೆನ್ನಾಗಿ ನೋಡಿಕೊಳ್ಳುತ್ತಾಳೆ.

ನಮ್ಮ ಮನೆ ಬೈಲಕುಪ್ಪೆಯಲ್ಲಿ. ಇಷ್ಟು ಹೇಳಿದರೆ ಸಾಕು, ಬೆಂಗಳೂರಿನವರು ‘ಓ, ಗೋಲ್ಡನ್ ಟೆಂಪಲ್ಲು!’ ಅನ್ನುತ್ತಾರೆ, ಟಿಬೆಟಿಯನ್ನರ ಆ ಮಠವನ್ನು ನಾನೇ ಕಟ್ಟಿಸಿದವನ ಹಾಗೆ ತಲೆಯಾಡಿಸುತ್ತೇನೆ. ಬೇಸಿಗೆ ರಜಕ್ಕೆ ಬಂದ ಮೊಮ್ಮಗಳು ‘ತಾತ, ಮೀನು ಸಾಕೋಣ’ ಅಂದಳು. ಅಳಿಯಂದಿರು ಮೈಸೂರಿನಿಂದ ಗಾಜಿನ ಪೆಟ್ಟಿಗೆ ತಂದೇಬಿಟ್ಟರು. 3 ಅಡಿ ಉದ್ದ, 1 ಅಡಿ ಅಗಲ, 1.25 ಅಡಿ ಎತ್ತರ. ಗುಣಿಸಿ ನೋಡಿದೆ, ಹೆಚ್ಚುಕಡಿಮೆ 106 ಲೀಟರ್. ಅಂದರೆ ನೀರೊಂದೇ ಎರಡು ಮೂಟೆ ಅಕ್ಕಿಗಿಂತ ಭಾರ. ಟಿ.ವಿ. ಇಟ್ಟಿದ್ದ ಸ್ಟ್ಯಾಂಡಿನ ಮೇಲಿಡೋಣ ಅಂದ ಅಳಿಯಂದಿರ ಮಾತಿಗೆ ಆ ಸ್ಟ್ಯಾಂಡು ಕೈ ಮುಗಿದಂತೆ ಕಂಡಿತು. ಕೊನೆಗೆ ನಡುಮನೆಯ ಕಲ್ಲಿನ ಕಟ್ಟೆಯೇ ಗತಿಯಾಯಿತು. ಕಟ್ಟೆಯ ಮೇಲಿದ್ದ ದಿನಪತ್ರಿಕೆಯ ಕಟ್ಟುಗಳನ್ನು ನಮ್ಮನೆಯವಳು ರದ್ದಿಗೆ ಹಾಕಿದಳು. ಈ ಇಡೀ ಪ್ರಸಂಗದಲ್ಲಿ ಅವಳಿಗೆ ಸಿಕ್ಕ ಸಂತೋಷ ಅದೊಂದೇ.

ನಮ್ಮ ಕಡೆ ಮೀನು ಅಂದರೆ ಕಾಟ್ಲಾ, ರೋಹು, ಜಿಲೇಬಿ. ಸಂತೆಯಲ್ಲಿ ತೂಕಕ್ಕೆ ಸಿಗುವ ಪದಾರ್ಥ. ಪಕ್ಕದ ಮನೆಯ ಹೊಗೆಸೊಪ್ಪಿನ ಗೌಡರು ಬೇಲಿ ಆಚೆಯಿಂದಲೇ ವಿಚಾರಿಸಿಕೊಂಡರು.

‘ಏನ್ ಮೇಷ್ಟ್ರೇ, ಮೀನು ಸಾಕ್ತೀರಂತೆ?’

‘ಹೂಂ ಗೌಡ್ರೇ.’

‘ಒಂದು ಕೇಜಿಗೆ ಬರೋಕೆ ಎಷ್ಟು ತಿಂಗ್ಳು?’

ಇದು ನೋಡೋಕೆ ಸಾಕೋ ಮೀನು ಅಂದೆ. ಗೌಡರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

ಮೊದಲ ಸುತ್ತಿನ ಪಟ್ಟಿ ಹೀಗಿತ್ತು: ಗೋಲ್ಡ್ ಫಿಶ್ ಎರಡು, ಏಂಜೆಲ್ ಎರಡು, ಟೈಗರ್ ಬಾರ್ಬ್ ಎರಡು, ನಿಯಾನ್ ಟೆಟ್ರಾ ಎರಡು, ಗಪ್ಪಿ ಎರಡು, ಮತ್ತು ‘ಗಾಜು ಕ್ಲೀನ್ ಮಾಡುತ್ತೆ ಸಾರ್’ ಎಂದು ಅಂಗಡಿಯ ಹುಡುಗ ಕೊನೆಗೆ ಸೇರಿಸಿದ ಸಕ್ಕರ್ ಒಂದು. ಹನ್ನೊಂದು ಮೀನು, ಆರು ಜಾತಿ. ‘ಎಲ್ಲಾ ಕಮ್ಯುನಿಟಿ ಫಿಶ್ಶು ಸಾರ್, ಹೊಂದ್ಕೊಂಡು ಹೋಗ್ತವೆ’ ಅಂದಿದ್ದ. ಕಮ್ಯುನಿಟಿ ಎಂಬ ಪದವನ್ನು ಕೇಳಿದ ಕೂಡಲೇ ಎಚ್ಚರಾಗಬೇಕಿತ್ತು. ಹೊಂದಿಕೊಂಡು ಹೋಗುತ್ತಾರೆ ಎಂದು ನಂಬಿಸಿ ಮಾಡಿದ ಮದುವೆಗಳನ್ನು ನಾನೇನು ಕಡಿಮೆ ನೋಡಿದ್ದೇನೆಯೇ?

ಮೂರನೆಯ ದಿನ ಏಂಜೆಲ್‌ನ ಉದ್ದನೆಯ ರೆಕ್ಕೆ ಇಲಿ ಕಡಿದ ಪಂಚೆಯ ಹಾಗಾಯಿತು. ಕಡಿದದ್ದು ಟೈಗರ್ ಬಾರ್ಬ್. ಸುಮಾತ್ರಾದ ಕಡೆಯ ಈ ಹಳದಿ ಮೈ ಕರಿ ಪಟ್ಟೆಯ ಪುಂಡ ಎಂಟೋ ಹತ್ತೋ ಜೊತೆಗಾರರಿದ್ದರೆ ಗ್ರಾಮ ಪಂಚಾಯಿತಿ ಸದಸ್ಯರ ಹಾಗೆ ತನ್ನವರೊಳಗೇ ಜಗಳವಾಡಿಕೊಂಡು ಊರಿನವರನ್ನು ಬಿಟ್ಟುಬಿಡುತ್ತಾನೆ. ಇಬ್ಬರೇ ಇದ್ದರೆ ಊರೆಲ್ಲ ಅವರ ಪಾಲಿಗೆ ಶತ್ರು. ಗಪ್ಪಿಯ ಗಂಡಿಗೆ ಇದ್ದದ್ದೇ ಬಾಲದ ಸಂಪತ್ತು, ಅದೂ ಹೋಯಿತು. ಐದನೆಯ ದಿನ ಬೆಳಿಗ್ಗೆ ನಿಯಾನ್ ಎರಡೂ ಇಲ್ಲ. ಏಂಜೆಲ್ ಎಂಬ ದೇವದೂತನ ಹೊಟ್ಟೆ ಸ್ವಲ್ಪ ಉಬ್ಬಿತ್ತು. ಇಬ್ಬರೂ ಅಮೆಜಾನ್ ಸೀಮೆಯವರೇ ಸ್ವಾಮಿ, ಅಲ್ಲೂ ಇವನು ಅಂಥ ಪುಟ್ಟ ಟೆಟ್ರಾಗಳನ್ನು ತಿಂದೇ ದೊಡ್ಡವನಾಗುವುದು. ಊರು ಬಿಟ್ಟು ಬೈಲಕುಪ್ಪೆಗೆ ಬಂದ ಮಾತ್ರಕ್ಕೆ ರೂಢಿ ಬಿಟ್ಟುಹೋಗುತ್ತದೆಯೇ?

ಉಳಿದವು ಒಂದೊಂದಾಗಿ ನೀರಿನ ಮೇಲ್ಗಡೆ ಬಂದು ಬಾಯಿ ತೆರೆಯತೊಡಗಿದವು. ಅದಕ್ಕೆ ಕಾರಣ ಯಾವ ಮೀನೂ ಅಲ್ಲ, ಸಾಕ್ಷಾತ್ ವಿಜ್ಞಾನದ ಮೇಷ್ಟ್ರು. ಮೀನಿನ ಹೇಲು, ಉಳಿದ ಮೇವು, ಎಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಬಂದು ನೈಟ್ರೇಟ್ ಮಾಡಿದ ಮೇಲೆ ಮೀನು ಉಸಿರಾಡುತ್ತದೆ. ಈ ಎರಡೂ ಪಡೆ ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಒಂಬತ್ತನೆಯ ತರಗತಿಗೆ ನೈಟ್ರೋಜನ್ ಚಕ್ರವನ್ನು ಬಾಣದ ಗುರುತು ಹಾಕಿ ಬರೆಸಿ, ಬರೆಯದವರಿಗೆ ಸ್ಕೇಲಿನಲ್ಲಿ ಕೊಟ್ಟವನು ನಾನು. ಮನೆಯಲ್ಲಿ ಮಾತ್ರ ಬೆಳಿಗ್ಗೆ ನೀರು ತುಂಬಿಸಿ ಸಾಯಂಕಾಲ ಮೀನು ಬಿಟ್ಟೆ.

‘ಹಾಲಿಗೆ ಹೆಪ್ಪು ಹಾಕ್ದೆ ಮೊಸರು ಆಗಲ್ಲ ಅಂತ ನಂಗೇ ಗೊತ್ತು’ ಅಂದಳು ಮನೆಯಾಕೆ. ಎಷ್ಟು ಸರಿ! ಹಳೆಯ, ಆರೋಗ್ಯವಾಗಿರುವ ತೊಟ್ಟಿಯ ಫಿಲ್ಟರಿನಿಂದ ಒಂದು ತುಂಡು ಸ್ಪಂಜು ತಂದು ಹೊಸ ಫಿಲ್ಟರಿನಲ್ಲಿ ಇಟ್ಟರೆ ಅದೇ ಹೆಪ್ಪು. ಅವಳಿಗೆ ವಿಜ್ಞಾನ ಯಾರು ಹೇಳಿಕೊಟ್ಟರೋ ಕಾಣೆ. ನಾನಂತೂ ಅಲ್ಲ.

ಈ ಹೊತ್ತಿಗೆ ಪಾಲಾ ಪ್ರವೇಶ. ಪಾಲಾ ಅಂದರೆ ಟಿಬೆಟಿಯನ್ನರಲ್ಲಿ ಅಪ್ಪಾಜಿ ಅಂದ ಹಾಗೆ. ಪಕ್ಕದ ಟಿಬೆಟಿಯನ್ ಕ್ಯಾಂಪಿನ ಹಿರಿಯರು, ಚಳಿಗಾಲದಲ್ಲಿ ದೂರದ ಊರುಗಳಲ್ಲಿ ಸ್ವೆಟರ್ ಮಾರಿ ಮಕ್ಕಳನ್ನು ಓದಿಸಿದವರು. ಅವರ ಕನ್ನಡ ನನ್ನ ಅಳಿಯಂದಿರ ಕನ್ನಡಕ್ಕಿಂತ ಶುದ್ಧ. ಬಿಸಿಲಿಗೆ ನಮ್ಮ ಜಗುಲಿಯಲ್ಲಿ ಕೂತು ಜಪಮಣಿ ಎಣಿಸುವುದು ಅವರ ರೂಢಿ. ಗೋಲ್ಡ್ ಫಿಶ್ ಎರಡೂ ಹೋದ ದಿನ ಬಂದು ಕೂತರು.

‘ನಮ್ಮನೇಲೂ ಚಿನ್ನದ ಮೀನು ಎರಡಿವೆ ಮೇಷ್ಟ್ರೇ. ನಲವತ್ತು ವರ್ಷ ಆಯ್ತು, ಒಂದೂ ಸತ್ತಿಲ್ಲ.’

ನಾನು ಬಾಯಿ ಬಿಟ್ಟೆ. ‘ಅದ್ ಹೆಂಗೆ ಪಾಲಾ? ಯಾವ ಫಿಲ್ಟರು?’

‘ಬಾಗ್ಲ ಪರದೆ ಮೇಲಿವೆ. ವರ್ಷಕ್ಕೊಂದ್ ಸಲ ಒಗೀತೀವಿ.’

ಬೌದ್ಧರ ಅಷ್ಟಮಂಗಲದಲ್ಲಿ ಚಿನ್ನದ ಮೀನಿನ ಜೋಡಿಯೂ ಒಂದು, ಗಂಗೆ ಯಮುನೆಯರ ಗುರುತು ಅನ್ನುತ್ತಾರೆ. ಈ ಸೀಮೆಯ ಪರದೆ, ಗೋಡೆ, ಬಾಗಿಲ ಮೇಲೆ ಆ ಜೋಡಿ ಮುಖಾಮುಖಿ ನಿಂತಿರುತ್ತದೆ. ಜೊತೆ ಜೊತೆಯಾಗಿ ಸಾಕಿದರೆ ಬದುಕುವ ಮೀನು ನಾನು ಕಂಡ ಮಟ್ಟಿಗೆ ಅದೊಂದೇ.

ಇನ್ನು ಜೊತೆ ಅಂದರೆ ಏನು ಎಂಬ ವಿಷಯಕ್ಕೆ ಬರೋಣ. ನಮಗೆ ಜೊತೆ ಎಂದರೆ ಎರಡು: ಎತ್ತು, ಬಳೆ, ಚಪ್ಪಲಿ, ಗಂಡ ಹೆಂಡತಿ. ಹಿಂಡಿನ ಮೀನಿಗೆ ಆರಕ್ಕಿಂತ ಕಡಿಮೆ ಎಂದರೆ ಜೊತೆಯೇ ಅಲ್ಲ, ಅದು ಒಂಟಿತನವೇ. ನಮ್ಮ ಹೊಳೆಯ ಸಾಸಲು ಮೀನನ್ನು ನೋಡಿ. ದಂಡೆಯಲ್ಲಿ ನೆರಳು ಬಿದ್ದರೆ ನೂರು ಮೀನು ಒಟ್ಟಿಗೆ ತಿರುಗುತ್ತವೆ. ಕೊರವ ಮೀನಿಗೋ ಮಿಂಚುಳ್ಳಿಗೋ ಯಾವುದನ್ನು ಹಿಡಿಯಲಿ ಎಂದು ಕಣ್ಣು ಕತ್ತಲೆ ಬರಬೇಕು, ಅದು ಹಿಂಡಿನ ಉಪಾಯ. ಇದರಲ್ಲಿ ಒಗ್ಗಟ್ಟು, ಸಹಕಾರ ಎಂದೆಲ್ಲ ಭಾಷಣ ಬಿಗಿಯಬೇಡಿ. ಡಬ್ಲ್ಯು.ಡಿ. ಹ್ಯಾಮಿಲ್ಟನ್ ಎಂಬ ಜೀವವಿಜ್ಞಾನಿ 1971ರಲ್ಲಿ ಹಿಂಡಿಗೆ ಸ್ವಾರ್ಥದ ಲೆಕ್ಕ ಹಾಕಿ ತೋರಿಸಿದ. ಪ್ರತಿಯೊಬ್ಬನೂ ಪಕ್ಕದವನನ್ನು ಹೊರಕ್ಕೆ ತಳ್ಳಿ ತಾನು ನಡುವೆ ನುಸುಳಲು ನೋಡುವುದರಿಂದಲೇ ಹಿಂಡು ಆಗುತ್ತದಂತೆ. ಬಸ್ ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸು ಬಂದಾಗ ನಿಂತು ನೋಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಎಣಿಕೆ ಕಡಿಮೆಯಾದರೆ ಆಗುವುದು ಹೆದರಿಕೆ. ಹೆದರಿದ ಮೀನಿನ ಬಣ್ಣ ಇಳಿಯುತ್ತದೆ, ಮೂಲೆ ಹಿಡಿಯುತ್ತದೆ, ಇಲ್ಲವೇ ಸಿಕ್ಕವರನ್ನು ಕಚ್ಚುತ್ತದೆ. ಅಂಗಡಿಯಲ್ಲಿ ಇನ್ನೂರು ಮೀನಿನ ನಡುವೆ ಕೆಂಡದಂತೆ ಹೊಳೆದದ್ದು ಮನೆಗೆ ಬಂದ ಕೂಡಲೇ ತೊಳೆದಿಟ್ಟ ಬೂದುಗುಂಬಳದ ಹಾಗೆ ಕಾಣುವುದೇಕೆ ಎಂದು ಕೇಳುತ್ತೀರಲ್ಲ, ಇದೇ ಗುಟ್ಟು. ಅಂಗಡಿಯವನು ನಿಮಗೆ ಮೋಸ ಮಾಡಿಲ್ಲ, ಬಣ್ಣವನ್ನು ಅಲ್ಲೇ ಬಿಟ್ಟು ಎರಡು ಮೀನು ಮಾತ್ರ ತಂದವರು ನೀವು.

ಹೆದರಿಕೆಗೆ ವಾಸನೆಯೂ ಉಂಟು. ಜೇನುನೊಣದ ನೃತ್ಯದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ ಮೀನಿನ ವಿಷಯದಲ್ಲೂ ಕೈಯಾಡಿಸಿದವನು. ಗಾಯವಾದ ಒಂದು ಸಾಸಲು ಜಾತಿಯ ಮೀನನ್ನು ಹಿಂಡಿಗೆ ಬಿಟ್ಟಾಗ ಉಳಿದವೆಲ್ಲ ದಿಕ್ಕಾಪಾಲಾಗಿದ್ದನ್ನು ಕಂಡ. ಚರ್ಮ ಹರಿದಾಗ ನೀರಿಗಿಳಿಯುವ ಯಾವುದೋ ದ್ರವ್ಯ ‘ಓಡಿ’ ಎಂದು ಸಾರುತ್ತದೆ ಎಂದು 1938ರಲ್ಲಿ ಬರೆದ. ಬಾರ್ಬ್, ಡೇನಿಯೋ, ಟೆಟ್ರಾ ಎಲ್ಲಕ್ಕೂ ಈ ಗುಣವಿದೆ. ಆದ್ದರಿಂದ ಬಲೆ ಹಾಕಿ ಒಂದನ್ನು ಒರಟಾಗಿ ಹಿಡಿದರೆ ಇಡೀ ಓಣಿಗೆ ಸುದ್ದಿ ಮುಟ್ಟುತ್ತದೆ, ನಮ್ಮೂರಿನ ಹಾಗೇ.

ಎರಡನೆಯ ಸುತ್ತಿಗೆ ಆರು ವಾರ ಕಾದೆವು. ಬರೀ ನೀರೇ ಕಾಣುವ ಪೆಟ್ಟಿಗೆಯನ್ನು ನೋಡಲು ಬಂದು ಹೋದವರ ಸಂಖ್ಯೆ ಸಣ್ಣದಲ್ಲ. ಗೌಡರು ‘ಎಲ್ಲಾ ತಿಂದಾಯ್ತಾ?’ ಎಂದು ಕೇಳಿದರು.

ಆಯ್ಕೆಗೆ ನಾನು ಮೂರು ಷರತ್ತು ಹಾಕಿಕೊಂಡೆ. ಡಿಸೆಂಬರಿನ ನಮ್ಮೂರ ಚಳಿ ತಡೆಯಬೇಕು, ಬೋರ್‌ವೆಲ್‌ನ ಗಡಸು ನೀರು ಒಗ್ಗಬೇಕು, ಕರೆಂಟು ಹೋದರೆ ಕಂಗಾಲಾಗಬಾರದು. ಬಣ್ಣ ಆಮೇಲೆ. ನಿಯಾನ್ ಟೆಟ್ರಾ ಮೊದಲ ಪರೀಕ್ಷೆಯಲ್ಲೇ ಫೇಲು. ನೀಲಿ ಗೆರೆ, ಕೆಂಪು ಸೊಂಟ, ರೂಪವೇನೋ ರೂಪವೇ. 1936ರಲ್ಲಿ ಅದಕ್ಕೆ ಹೆಸರಿಟ್ಟಂದಿನಿಂದ ಜಗತ್ತೇ ಮರುಳಾಗಿದೆ. ಆದರೆ ಅಮೆಜಾನಿನ ಮೆದು ನೀರಿನ ಕೂಸು ಅದು, ಬಾಣಂತಿಯ ಹಾಗೆ ಬೆಚ್ಚಗಿಟ್ಟು ನೋಡಿಕೊಳ್ಳಬೇಕು. ಗಪ್ಪಿ ಗಟ್ಟಿ ಪಿಂಡವೇ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ ತೊಟ್ಟಿಗಳಿಗೆ ಬಿಡುವುದು ಅದನ್ನೂ ಗಂಬೂಸಿಯಾವನ್ನೂ. ಆದರೆ ತಿಂಗಳಿಗೊಮ್ಮೆ ಹೆರಿಗೆ. ಯುಗಾದಿಗೆ ಎರಡು ತಂದರೆ ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟು ಮುಗಿಯುವುದಿಲ್ಲ.

ಅಂಗಡಿಯ ಇನ್ನೊಂದು ತೊಟ್ಟಿಯಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣದ ಅಗಲ ಮೀನುಗಳಿದ್ದವು. ಹೆಸರು ಕೇಳಿದೆ. ‘ಕಲರ್ ವಿಡೋ ಸಾರ್’ ಅಂದ ಹುಡುಗ. ಕಪ್ಪು ಸೆರಗಿನ ಟೆಟ್ರಾಕ್ಕೆ ವ್ಯಾಪಾರದಲ್ಲಿ ವಿಡೋ ಎಂದು ಹೆಸರು, ಅಂದರೆ ವಿಧವೆ. ಆಕೆಗೆ ಬಣ್ಣದ ಸೀರೆ ಉಡಿಸಿದ್ದು ಯಾವ ಸಮಾಜ ಸುಧಾರಕನಪ್ಪಾ ಎಂದು ಸಂತೋಷಪಡುವಷ್ಟರಲ್ಲಿ ವಿಷಯ ತಿಳಿಯಿತು. ಇಂಥ ಎಷ್ಟೋ ಮೀನುಗಳ ಬಣ್ಣ ಹುಟ್ಟಿನದಲ್ಲ, ಚುಚ್ಚಿದ್ದೋ ಅದ್ದಿದ್ದೋ. ಕೆಲವು ತಿಂಗಳಿಗೆ ಮಾಸುತ್ತದೆ, ಅಷ್ಟರೊಳಗೆ ಮೀನೇ ಮಾಸದಿದ್ದರೆ. ನಮ್ಮ ದೇಶದ್ದೇ ಆದ ಗಾಜಿನ ಮೀನಿಗೂ ಇದೇ ಶಿಕ್ಷೆ. ಮೈಯೊಳಗಿನ ಮೂಳೆ ಕಾಣುವಷ್ಟು ಪಾರದರ್ಶಕವಾದ ಜೀವಕ್ಕೆ ಸೂಜಿಯಲ್ಲಿ ಬಣ್ಣ ತುಂಬುತ್ತಾರೆ. ನಾನು ಆ ತೊಟ್ಟಿಯ ಮುಂದೆ ನಿಲ್ಲಲಿಲ್ಲ.

ಚಳಿ ತಡೆಯುವ ಹಿಂಡಿನ ಮೀನುಗಳಲ್ಲಿ ಹೆಸರಾದದ್ದು ವೈಟ್ ಕ್ಲೌಡ್. ಒಂದೂವರೆ ಇಂಚಿನದು, ಕೆಂಪು ಬಾಲ, ಹೀಟರ್ ಬೇಕೇ ಇಲ್ಲ. ಚೀನಾದ ಗುವಾಂಗ್‌ಝೌ ಹತ್ತಿರದ ಬಿಳಿ ಮೋಡದ ಬೆಟ್ಟದ ಝರಿಯಲ್ಲಿ ಸಿಕ್ಕು 1932ರಲ್ಲಿ ಲೋಕಕ್ಕೆ ಪರಿಚಯವಾಯಿತು. ನಮ್ಮೂರಿಗೆ ಹೇಳಿ ಮಾಡಿಸಿದ್ದು. ಆದರೆ ಜಗುಲಿಯಲ್ಲಿ ಕೂರುವ ಪಾಲಾಗೆ ಮೀನು ಯಾವ ಊರಿನದು ಎಂದು ಹೇಳುವುದು ಹೇಗೆ? ಸಂಕೋಚದಿಂದಲೇ ಕೇಳಿದೆ. ಅವರು ಮಣಿ ಎಣಿಸುವುದನ್ನು ನಿಲ್ಲಿಸದೆ ಅಂದರು: ‘ಮೀನಿನ ಹತ್ರ ಪಾಸ್‌ಪೋರ್ಟ್ ಇರಲ್ಲ ಮೇಷ್ಟ್ರೇ. ನನ್ನ ಹತ್ರಾನೂ ಇಲ್ಲ.’

ಅಂಗಡಿಯಲ್ಲಿ ಆ ಮೀನು ಇರಲಿಲ್ಲ, ಆ ಮಾತು ಬೇರೆ.

ನಮ್ಮ ಕಾವೇರಿಯದೇ ಹಿಂಡಿನ ಮೀನೊಂದಿದೆ. ಕೊಡಗಿನ ಕಾವೇರಿಯಲ್ಲಿ ಸಿಕ್ಕ ಪುಟ್ಟ ಬಾರ್ಬ್‌ಗೆ 1937ರಲ್ಲಿ ಮತ್ಸ್ಯವಿಜ್ಞಾನಿ ಸುಂದರ್ ಲಾಲ್ ಹೋರಾ ‘ನಾರಾಯಣಿ’ ಎಂದು ಹೆಸರಿಟ್ಟರು, ಬೆಂಗಳೂರಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ಅವರ ಗೌರವಕ್ಕೆ. ಇದೇ ಹೋರಾ ಮುಂದೆ ಕಲ್ಯಾಣದ ಚಾಲುಕ್ಯ ದೊರೆ ಸೋಮೇಶ್ವರನ ಮಾನಸೋಲ್ಲಾಸದ ಮತ್ಸ್ಯವಿನೋದ ಎಂಬ ಭಾಗವನ್ನು ಹಿಡಿದು ಕೂತು, ಹನ್ನೆರಡನೆಯ ಶತಮಾನದಲ್ಲಿ ಯಾವ ಮೀನಿಗೆ ಯಾವ ಮೇವು ಹಾಕುತ್ತಿದ್ದರು ಎಂಬುದನ್ನೆಲ್ಲ ಬಿಡಿಸಿದರು. ಇಷ್ಟು ಓದಿಕೊಂಡು ಹುಮ್ಮಸ್ಸಿನಲ್ಲಿ ಅಂಗಡಿಗೆ ಹೋಗಿ ‘ನಾರಾಯಣಿ ಇದೆಯೇನಪ್ಪಾ?’ ಅಂದೆ. ‘ಆಂಟಿ ಊಟಕ್ಕೆ ಹೋಗಿದಾರೆ ಸಾರ್’ ಅಂದ ಹುಡುಗ.

ಕೊನೆಗೆ ಕೊಂಡದ್ದು ಎರಡೇ ಜಾತಿ. ರೋಸಿ ಬಾರ್ಬ್ 8, ಜೀಬ್ರಾ ಡೇನಿಯೋ 10. ಎರಡೂ ಅಂಗಡಿಯ ಕೆಳಗಿನ ಸಾಲಿನ ತೊಟ್ಟಿಯಲ್ಲಿರುವಂಥವು. ಬಗ್ಗಿ ನೋಡಬೇಕು, ಬೆಲೆ ಕಡಿಮೆ, ಮಾರುವವನಿಗೂ ಉತ್ಸಾಹವಿಲ್ಲ. ‘ಒಂದೇ ಥರದ್ದು ಎಂಟು ಯಾಕೆ ಸಾರ್, ಬೇರೆ ಬೇರೆ ತಗೊಳ್ಳಿ’ ಎಂದು ಮೂರು ಸಲ ಹೇಳಿದ. ‘ನಿಮ್ಮ ಮನೆಯಲ್ಲಿ ಎಷ್ಟು ಜನ?’ ಅಂದೆ. ‘ಐದು.’ ‘ಎಲ್ಲಾ ಒಂದೇ ಥರ ತಾನೇ?’ ಹುಡುಗ ಬಲೆ ಕೈಗೆತ್ತಿಕೊಂಡ.

ರೋಸಿ ಬಾರ್ಬ್‌ನ ಗುಟ್ಟು ಇರುವುದು ಗಂಡು ಹೆಣ್ಣಿನ ಲೆಕ್ಕದಲ್ಲಿ. ಹೆಣ್ಣು ತೆಳು ಹೊಂಬಣ್ಣ. ಗಂಡು ಸಾಮಾನ್ಯ ದಿನಗಳಲ್ಲಿ ಸಾಧಾರಣ, ಹೆಣ್ಣೂ ಎದುರಾಳಿ ಗಂಡೂ ಕಣ್ಣಿಗೆ ಬಿದ್ದರೆ ಮಾತ್ರ ಮಾವಿನ ಚಿಗುರಿನಂತೆ ಕೆಂಪೇರುತ್ತಾನೆ. ಮದುವೆಗೆ ಹೊರಟ ನಮ್ಮ ಸೋದರಳಿಯಂದಿರನ್ನು ನೋಡಿದ್ದರೆ ಅರ್ಥವಾದೀತು. ಹಾಗಾಗಿ ಗಂಡು 3, ಹೆಣ್ಣು 5. ಚೆಂದ ಎಂದು ಗಂಡುಗಳನ್ನೇ ಆರಿಸಿ ತಂದವರು ಕೆಲವೇ ದಿನಕ್ಕೆ ‘ಬಣ್ಣ ಹೋಯ್ತು’ ಎಂದು ಅಳುತ್ತಾರೆ. ಸಂಸಾರವಿಲ್ಲದೆ ಸಿಂಗಾರ ಯಾರಿಗೆ? ಒಂದೇ ದೂರು, ಮೆದು ಎಲೆಯ ಗಿಡ ಕಂಡರೆ ಸೊಪ್ಪಿನ ಸಾರು ಎಂದೇ ತಿಳಿಯುತ್ತವೆ.

ಜೀಬ್ರಾ ನೀಲಿ ಗೆರೆಯ ಚುರುಕಿನ ಮೀನು, ಮೇಲಿನ ನೀರಿನಲ್ಲಿ ಶಾಲೆ ಬಿಟ್ಟ ಮಕ್ಕಳ ಹಾಗೆ ಓಡಾಡುತ್ತಲೇ ಇರುತ್ತದೆ. ಮುಚ್ಚಳವಿಲ್ಲದಿದ್ದರೆ ಹೊರಗೂ. ಜಗತ್ತಿನ ಎಷ್ಟೋ ಪ್ರಯೋಗಶಾಲೆಗಳು ಇದರಿಂದಲೇ ನಡೆಯುತ್ತವೆ. ಮನುಷ್ಯನ ಜೀನುಗಳಲ್ಲಿ ಸುಮಾರು ಶೇ. 70ಕ್ಕೆ ಈ ಮೀನಿನಲ್ಲಿ ಜೋಡಿ ಜೀನು ಇದೆಯೆಂದು 2013ರಲ್ಲಿ ಲೆಕ್ಕ ಹಾಕಿದರು. ಅದರ ಹೃದಯದ ಒಂದು ತುಂಡು ಕತ್ತರಿಸಿದರೂ ಮತ್ತೆ ಬೆಳೆಯುತ್ತದೆ. ಗಟ್ಟಿ ಮೀನು ಬೇಕು ಅಂದಿದ್ದೆನಲ್ಲ, ಇದಕ್ಕಿಂತ ಗಟ್ಟಿ ಎಲ್ಲಿ ಹುಡುಕಲಿ?

ಇವೆರಡಕ್ಕೂ ಮೊದಲು ಶಾಸ್ತ್ರೋಕ್ತ ನಾಮಕರಣ ಮಾಡಿದವನು ಒಬ್ಬನೇ, ಒಂದೇ ಪುಸ್ತಕದಲ್ಲಿ. 1822ರಲ್ಲಿ ಬಂದ ಗಂಗಾನದಿಯ ಮೀನುಗಳ ಗ್ರಂಥ, ಬರೆದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಹೆಸರು ಕೇಳಿ ದೂರದವನು ಅಂದುಕೊಳ್ಳಬೇಡಿ. ತಾಯಿಯ ಕಡೆಯ ಆಸ್ತಿ ಬಂದ ಮೇಲೆ ಹ್ಯಾಮಿಲ್ಟನ್ ಆದ, ಅದಕ್ಕೆ ಮುಂಚೆ ಬುಕಾನನ್. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಸಾಹೇಬನ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಊರೂರು ಸುತ್ತಿ ಬೆಳೆ, ಮಣ್ಣು, ಜಾತಿ, ಜಾನುವಾರು ಎಲ್ಲ ಬರೆದುಕೊಂಡ ಅದೇ ಬುಕಾನನ್. ನಮ್ಮ ಪಿರಿಯಾಪಟ್ಟಣಕ್ಕೂ ಬಂದಿದ್ದ, ಹೆಗ್ಗಡದೇವನಕೋಟೆಗೂ ಹೋಗಿದ್ದ. ನಡುಮನೆಯ ಪೆಟ್ಟಿಗೆಯಲ್ಲಿ ಹದಿನೆಂಟು ಮೀನು ಓಡಾಡುವಾಗ ನನಗೆ ಒಮ್ಮೊಮ್ಮೆ ಹಾಗೇ ಅನ್ನಿಸುತ್ತದೆ: ಆ ಮನುಷ್ಯ ಈ ಬಾಗಿಲಲ್ಲಿ ಹಣಕಿದರೆ ಮೀನನ್ನು ಗುರುತು ಹಿಡಿದಾನು, ಊರನ್ನಲ್ಲ. ಗೋಲ್ಡನ್ ಟೆಂಪಲ್ ತೋರಿಸಿ ಇದು ಬೈಲಕುಪ್ಪೆ ಅಂದರೆ ನಂಬಿಯಾನೇ?

ಸಕ್ಕರ್ ಕತೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಮೊದಲ ಸುತ್ತಿನಲ್ಲಿ ಬದುಕುಳಿದ ಏಕೈಕ ಪ್ರಾಣಿ ಅದು. ಗಾಜು ತೊಳೆಯಲು ಬಂದ ಎರಡಿಂಚಿನ ಆಳು, ವರ್ಷ ತುಂಬುವುದರೊಳಗೆ ಯಜಮಾನನಂತೆ ಬೆಳೆದು ಮಲಗಿದ್ದೇ ಮಲಗಿದ್ದು, ಗಾಜು ತೊಳೆಯುತ್ತಿದ್ದುದು ನಾನು. ಇನ್ನೂ ಬೆಳೆಯುತ್ತದೆ, ಒಂದಡಿ ದಾಟುತ್ತದೆ. ಕೊಪ್ಪ ಸೇತುವೆಯ ಹತ್ತಿರ ಹೊಳೆಗೆ ಬಿಟ್ಟುಬನ್ನಿ ಅಂದಳು ಮನೆಯಾಕೆ. ಬೆಟ್ಟದಪುರ ದಾಟಿ ರಾಮನಾಥಪುರಕ್ಕೆ ಒಯ್ದು ವಹ್ನಿ ಪುಷ್ಕರಿಣಿಯ ದೇವರ ಮೀನಿನ ಜೊತೆ ಬಿಟ್ಟರೆ ಪುಣ್ಯ ಎಂದರು ಇನ್ನೊಬ್ಬರು. ಕೊಲ್ಲಲಿರುವ ಜೀವವನ್ನು ಬಿಡಿಸಿ ನೀರಿಗೆ ಬಿಡುವ ವ್ರತ ಪಾಲಾ ಕಡೆಯವರಲ್ಲೂ ಇದೆ, ತ್ಸೆಥಾರ್ ಅನ್ನುತ್ತಾರೆ. ಅವರನ್ನೇ ಕೇಳಿದೆ. ಕೇರಳ, ತಮಿಳುನಾಡು, ಆಂಧ್ರದ ನೀರಿನಲ್ಲಿ ಹೀಗೇ ಬಿಟ್ಟ ಸಕ್ಕರ್‌ಗಳು ಬೇರೂರಿ ಬೆಸ್ತರ ಬಲೆ ಹರಿಯುತ್ತಿರುವುದನ್ನೂ ಹೇಳಿದೆ. ಪಾಲಾ ಯೋಚಿಸಿ, ‘ಒಂದು ಜೀವ ಬಿಟ್ಟು ಸಾವಿರ ಜೀವ ತೆಗೆಯೋದು ಯಾವ ಪುಣ್ಯ? ವಾಪಸ್ ಕೊಟ್ಟುಬನ್ನಿ’ ಅಂದರು. ಅಂಗಡಿಯ ಹುಡುಗ ಅದನ್ನು ಮರಳಿ ತೆಗೆದುಕೊಂಡ. ನಾನು ಬಾಗಿಲು ದಾಟುವುದರೊಳಗೆ ಇನ್ನೊಬ್ಬರಿಗೆ ‘ಗಾಜು ಕ್ಲೀನ್ ಮಾಡುತ್ತೆ ಸಾರ್’ ಅನ್ನುವುದು ಕೇಳಿಸಿತು.

ಈಗ ದಿನಕ್ಕೆ ಎರಡು ಚಿಟಿಕೆ ಮೇವು, ವಾರಕ್ಕೊಮ್ಮೆ ನಾಲ್ಕರಲ್ಲಿ ಒಂದು ಪಾಲು ನೀರು ಬದಲು, ಅಷ್ಟೇ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು ಎಂದು ಗೋಡೆಗೆ ಬರೆದು ಅಂಟಿಸಿದ್ದೇನೆ. ನಮ್ಮನೆಯವಳು ಅದರ ಕೆಳಗೇ ನಿಂತು ‘ಪಾಪ, ಹೊಟ್ಟೆ ಒಳಗೆ ಹೋಗಿದೆ ನೋಡಿ’ ಎಂದು 3ನೆಯ ಚಿಟಿಕೆ ಹಾಕುತ್ತಾಳೆ.

ಮೊನ್ನೆ ಮಳೆಗೆ ಕರೆಂಟು ಹೋಗಿ ಆರು ಗಂಟೆಯಾದರೂ ಬರಲಿಲ್ಲ. ಬ್ಯಾಟರಿಯ ಗಾಳಿ ಪಂಪು ಗುರ್ರೆನ್ನುತ್ತಿತ್ತು. ಗೌಡರ ಮನೆಯಲ್ಲಿ ಟಿ.ವಿ. ಇಲ್ಲವಲ್ಲ, ಟಾರ್ಚು ಹಿಡಿದು ನಮ್ಮಲ್ಲಿಗೆ ಬಂದರು. ಪಾಲಾ ಆಗಲೇ ಕೂತಿದ್ದರು. ಟಾರ್ಚಿನ ಬೆಳಕು ಗಾಜಿನ ಮೇಲೆ ಬಿದ್ದದ್ದೇ ಹತ್ತು ಜೀಬ್ರಾ ಒಟ್ಟಿಗೆ ತಿರುಗಿದವು, ಹಿಂದೆಯೇ ಎಂಟು ಕೆಂಪು. ಗೌಡರು ಬೆಳಕನ್ನು ಈ ಕಡೆ ಆಡಿಸಿದರು, ಈ ಕಡೆ ತಿರುಗಿದವು. ಆ ಕಡೆ ಆಡಿಸಿದರು.

‘ಎಲ್ಲಾ ಸೇರಿಸಿ ತೂಗಿದ್ರೂ ಕಾಲು ಕೇಜಿ ಬರಲ್ಲ ಕಣ್ರೀ ಮೇಷ್ಟ್ರೇ’ ಅಂದರು.

ಅಂದು, ಕುರ್ಚಿಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.